ಓಲೆಗಳ ಮೇಲೆ ನಿಂತ ಊರು

2020ರ ಮಾರ್ಚ್ ಕೊನೆಯ ವಾರ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬೆಂಗಳೂರಿನಿಂದ ಊರಿಗೆ ಮರಳಿದ ಮಲೆನಾಡಿನ ಹುಡುಗ ಹುಡುಗಿಯರಿಗೆ ಆಗ ಒಂದು ಹೊಸ ಫಜೀತಿ ಎದುರಾಯಿತು. ಕೆಲಸ ಬೆಂಗಳೂರಿನ ಕಚೇರಿಯದ್ದು, ಯಜಮಾನ ಇನ್ನೆಲ್ಲಿಯೋ, ತಾವು ಅಡಕೆ ತೋಟದ ಮನೆಯಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ಹಳ್ಳವೋ ಇದ್ದೇ ಇರುತ್ತದೆ. ಮೊಬೈಲಿನ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿ ಹತ್ತಬೇಕು. ಮಳೆಗಾಲ ಬಂದ ಮೇಲೆ ಕೊಡೆ ಹಿಡಿದು, ಟಾರ್ಪಾಲಿನ ಮಾಡು ಕಟ್ಟಿಕೊಂಡು ಗುಡ್ಡದ ಮೇಲೆ ಕುಳಿತು ಕೆಲಸ ಮಾಡಿದವರು ಎಷ್ಟೋ ಮಂದಿ.

ಆಪತ್ತಿನ ಕಾಲದಲ್ಲಿ ದೂರದೂರ ಇರುವವರು ಸೇರಿ ಕೆಲಸ ನಡೆಸುವುದು ಹೇಗೆ ಎಂಬ ಪ್ರಶ್ನೆ ಆಗ ಹೊಸದಾಗಿ ಹುಟ್ಟಿದಂತೆ ಎಲ್ಲರಿಗೂ ತೋರಿತು. ಆದರೆ ಇದೇ ಗುಡ್ಡಗಳ ನಡುವೆ, ಅದಕ್ಕೆ 229 ವರ್ಷಗಳ ಹಿಂದೆ, ಇದೇ ಪ್ರಶ್ನೆ ಇನ್ನೂ ಕಠಿಣವಾದ ರೂಪದಲ್ಲಿ ಎದುರಾಗಿತ್ತು. 1791ರಲ್ಲಿ ಶೃಂಗೇರಿ ಲೂಟಿಯಾಯಿತು. ಮಠದ ಗುರುಗಳು ಘಟ್ಟದ ಕೆಳಗೆ, ರಾಜ್ಯದ ದೊರೆ ಯುದ್ಧದಲ್ಲಿ, ಹಣದ ಬೊಕ್ಕಸ ಮೂರನೆಯ ಊರಿನಲ್ಲಿ, ಕೆಲಸ ಆಗಬೇಕಾದದ್ದು ನಾಲ್ಕನೆಯ ಊರಿನಲ್ಲಿ. ಇವೆಲ್ಲವನ್ನೂ ಜೋಡಿಸಿದ್ದು ಓಲೆಕಾರರು ಹೊತ್ತು ತಂದ ಕೆಲವು ಕಾಗದಗಳು ಮಾತ್ರ.

ಕಾಗದಗಳು ಸಿಕ್ಕಿದ ಬಗೆ

ಆ ಕಾಗದಗಳು ಲೋಕದ ಕಣ್ಣಿಗೆ ಬಿದ್ದದ್ದು 1916ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಕಡತಗಳನ್ನು ಪರಿಶೀಲಿಸುತ್ತಿದ್ದಾಗ ಟಿಪ್ಪು ಸುಲ್ತಾನ್ ಕಳುಹಿಸಿದ ಪತ್ರಗಳ ಕಟ್ಟು ಅವರ ಕೈಗೆ ಬಂತು. 'ಕರ್ನಾಟಕ ಕವಿಚರಿತೆ'ಯನ್ನು ಬರೆದ ಇದೇ ನರಸಿಂಹಾಚಾರ್ಯರು ಹಳೆಯ ಬರಹದ ಬೆಲೆ ಬಲ್ಲವರು. ಸುಮಾರು ಇಪ್ಪತ್ತರಷ್ಟಿದ್ದ ಆ ಪತ್ರಗಳ ವಿವರವನ್ನು ಅವರು ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಅದೇ ವರ್ಷ ಶೃಂಗೇರಿಯಲ್ಲಿ ಹೊಸದಾಗಿ ಕಲ್ಲಿನಲ್ಲಿ ಕಟ್ಟಿದ ಶಾರದಾ ದೇವಾಲಯದ ಕುಂಭಾಭಿಷೇಕವೂ ನಡೆಯಿತು. ಶಾರದೆಗೆ ಹೊಸ ಗುಡಿಯಾದ ವರ್ಷವೇ ಅವಳ ಹಿಂದಿನ ಪುನಃಪ್ರತಿಷ್ಠೆಯ ದಾಖಲೆಯೂ ಬೆಳಕಿಗೆ ಬಂದದ್ದು ಒಂದು ಆಕಸ್ಮಿಕ.

ಪತ್ರಗಳ ಭಾಷೆ ಕನ್ನಡ. ದೊರೆಯ ದರಬಾರಿನ ಭಾಷೆ ಪಾರಸಿಯಾಗಿದ್ದರೂ ಗುರುಪೀಠಕ್ಕೆ ಬರೆಯುವಾಗ ಕನ್ನಡವನ್ನು ಬಳಸಲಾಗಿದೆ. ಆರಂಭದಲ್ಲಿ ಸ್ವಾಮಿಗಳ ಬಿರುದುಗಳು, ಅವರ ಹೆಸರು. ಆಮೇಲೆ ಸುಲ್ತಾನನ ಹೆಸರು ಮತ್ತು ಸಲಾಮು. ದೊಡ್ಡವರಿಗೆ ಬರೆಯುವಾಗ ಅವರ ಹೆಸರನ್ನು ಮೊದಲು ಹಾಕುವ ನಮ್ಮ ಪದ್ಧತಿ ಇಲ್ಲಿಯೂ ಪಾಲನೆಯಾಗಿದೆ. ಅನಂತರ, ತಾವು ಬರೆಸಿದ ಪತ್ರ ಬಂದು ಇಂಥ ಸಂಗತಿ ತಿಳಿಯಿತು ಎಂದು, ಬಂದ ಪತ್ರದ ಸಾರಾಂಶ. ಸ್ವಾಮಿಗಳು ಏನು ಬರೆದಿದ್ದರೆಂಬುದು ನಮಗೆ ಗೊತ್ತಾಗುವುದು ಬಹುಮಟ್ಟಿಗೆ ಈ ಸಾರಾಂಶಗಳಿಂದಲೇ.

ಇದು ಬರೀ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಹೋದ ಓಲೆ ತಲುಪಿತೇ, ತಲುಪಿದರೂ ಹೇಳಿದ್ದು ಹೇಳಿದಂತೆಯೇ ಅರ್ಥವಾಯಿತೇ ಎಂಬುದು ದೂರದಲ್ಲಿರುವವನ ಮೊದಲ ಆತಂಕ. ಉತ್ತರದ ಮೊದಲ ನಾಲ್ಕು ಸಾಲುಗಳಲ್ಲೇ ಆ ಆತಂಕ ಪರಿಹಾರವಾಗುತ್ತಿತ್ತು.

ಮೂರು ಸೇನೆಗಳ ನಡುವೆ

ಆಗಿನ ಸಂದರ್ಭವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ್ದೇ ನೆಪವಾಗಿ ಮೂರನೆಯ ಮೈಸೂರು ಯುದ್ಧ ಹೊತ್ತಿಕೊಂಡಿತು. 1790ರ ನಡುವಿನ ಹೊತ್ತಿಗೆ ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ ಮೂವರೂ ಒಂದಾಗಿ ಮೈಸೂರಿನ ಮೇಲೆ ಏರಿಬಂದರು. ಉತ್ತರದಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯ ತಿಂಗಳುಗಟ್ಟಲೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ 1791ರ ಏಪ್ರಿಲ್ ಮೊದಲಲ್ಲಿ ಅದನ್ನು ವಶಪಡಿಸಿಕೊಂಡಿತು. ಪೂರ್ವದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅದೇ ವರ್ಷದ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದ. ಮೇ 15ರಂದು ಶ್ರೀರಂಗಪಟ್ಟಣದ ಸಮೀಪ ಅರಕೆರೆಯ ಬಳಿ ಕಾಳಗ ನಡೆಯಿತು. ಮಳೆ, ಹಸಿವು, ರೋಗಗಳಿಂದ ಎತ್ತು ಕುದುರೆಗಳು ಸತ್ತು ಕಾರ್ನ್‌ವಾಲಿಸ್ ಆ ಸಲ ಹಿಂದಿರುಗಬೇಕಾಯಿತು. ಆದರೂ ಮೈಸೂರು ರಾಜ್ಯ ಮೂರು ಕಡೆಯಿಂದ ಒತ್ತಡದಲ್ಲಿಯೇ ಇತ್ತು.

ಶೃಂಗೇರಿಯ ಸುತ್ತಿನ ಮಲೆನಾಡು 1763ರವರೆಗೆ ಕೆಳದಿ ಅರಸರದಾಗಿತ್ತು. ಆ ವರ್ಷ ಹೈದರ್ ಅಲಿ ಅವರ ರಾಜಧಾನಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ಜನರ ಬಾಯಲ್ಲಿ ಅದು ಬರೀ ನಗರವಾಗಿ ಉಳಿಯಿತು. ಇಂದಿನ ಹೊಸನಗರ ತಾಲ್ಲೂಕಿನಲ್ಲಿರುವ ಈ ನಗರದಲ್ಲಿ ಟಿಪ್ಪುವಿನ ಕಾಲಕ್ಕೆ ಆಸಫ ಎಂಬ ಪ್ರಾಂತಾಧಿಕಾರಿ ಇರುತ್ತಿದ್ದ. ಅವನ ಕೈಕೆಳಗೆ ಅಮಲ್ದಾರರು, ಅವರ ಕೆಳಗೆ ಶಾನುಭೋಗರು, ಪಟೇಲರು.

ಶೃಂಗೇರಿಗೆ ರಾಜಾಶ್ರಯ ಹೊಸದೇನಲ್ಲ. 1346ರಲ್ಲಿ ವಿಜಯನಗರದ ಹರಿಹರನೂ ಅವನ ತಮ್ಮಂದಿರೂ ಅಲ್ಲಿಗೆ ಬಂದು ಭೂದಾನ ಮಾಡಿದ ಶಾಸನವಿದೆ. ಅನಂತರ ಕೆಳದಿಯವರು, ಅವರ ತರುವಾಯ ಹೈದರ್ ಆ ಸಂಬಂಧವನ್ನು ಮುಂದುವರಿಸಿದ್ದರು. 1770ರಲ್ಲಿ ಪೀಠವೇರಿದ ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು 1791ರ ಹೊತ್ತಿಗೆ ಎರಡು ದಶಕಗಳ ಅನುಭವಿಗಳು.

ಲೂಟಿ

ಪಂಚಾಂಗದ ಪ್ರಕಾರ ಅದು ವಿರೋಧಿಕೃತ್ ಸಂವತ್ಸರ. ಹೆಸರಿಗೆ ತಕ್ಕಂತೆಯೇ ಆಯಿತು. ರಘುನಾಥರಾವ್ ಪಟವರ್ಧನನ ಕಡೆಯ ಮರಾಠಾ ಕುದುರೆ ಸವಾರರು, ಅವರ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿಗೆ ನುಗ್ಗಿದರು. ಬ್ರಾಹ್ಮಣರೂ ಸೇರಿದಂತೆ ಹಲವರು ಸತ್ತರು, ಹಲವರು ಗಾಯಗೊಂಡರು. ಮಠದ ಸ್ವತ್ತೆಲ್ಲ ಕೊಳ್ಳೆಹೋಯಿತು. ಶಾರದೆಯ ಮೂರ್ತಿಯನ್ನು ಪೀಠದಿಂದ ಕದಲಿಸಿದರು. ಸ್ವಾಮಿಗಳು ಕೆಲವೇ ಶಿಷ್ಯರೊಂದಿಗೆ ಹೊರಬಿದ್ದು ಘಟ್ಟ ಇಳಿದು ಕಾರ್ಕಳವನ್ನು ಸೇರಿದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಪುಣೆಯ ಪೇಶ್ವೆಗಳಿಗೆ ಶೃಂಗೇರಿ ಹಗೆಯ ಊರಾಗಿರಲಿಲ್ಲ. ಪೇಶ್ವೆಗಳೂ ಪಟವರ್ಧನರೂ ಶಂಕರಾಚಾರ್ಯರ ಪೀಠಕ್ಕೆ ತಲೆಬಾಗುವವರು. ಮರಾಠರ ಸೀಮೆಯಲ್ಲಿ ಮಠಕ್ಕೆ ಶಿಷ್ಯರಿದ್ದರು. ಈ ಲೂಟಿಯ ಪ್ರಸ್ತಾಪ ಪಟವರ್ಧನ ಮನೆತನದ ಮರಾಠಿ ಪತ್ರಗಳಲ್ಲಿಯೂ ಇದೆ. ಗುರುಪೀಠವನ್ನು ಕೊಳ್ಳೆಹೊಡೆದ ಅಪಕೀರ್ತಿ ಅವರಿಗೂ ನುಂಗಲಾರದ ತುತ್ತಾಗಿತ್ತು.

ಹಾಗಿದ್ದರೂ ಇದು ನಡೆದದ್ದು ಹೇಗೆ? ಉತ್ತರ ಸೈನ್ಯದ ರಚನೆಯಲ್ಲೇ ಇದೆ. ಪಿಂಡಾರಿಗಳು ಸಂಬಳದ ಸಿಪಾಯಿಗಳಲ್ಲ. ದೊಡ್ಡ ಸೈನ್ಯದ ಬೆನ್ನಿಗೆ ಬಂದು, ಕೊಳ್ಳೆಯಲ್ಲಿ ಸಿಕ್ಕಿದ್ದನ್ನೇ ಕೂಲಿಯೆಂದು ತಿಳಿದು ಬದುಕುವವರು. ಕೂಲಿಗೆ ಕೊಳ್ಳೆಯನ್ನೇ ತೋರಿಸಿದ ಮೇಲೆ ಯಾವ ಊರು ಕೂಡದು ಎಂದು ಹೇಳುವ ಅಧಿಕಾರ ಮೇಲಿನವರ ಕೈ ತಪ್ಪುತ್ತದೆ. ಪುಣೆಯಲ್ಲಿ ಕುಳಿತವರ ಭಕ್ತಿ ಪುಣೆಯಲ್ಲೇ ಉಳಿಯಿತು. ಅದು ತುಂಗೆಯ ದಡದಲ್ಲಿದ್ದ ಸವಾರನನ್ನು ಮುಟ್ಟಲಿಲ್ಲ. ದೂರದಿಂದ ಜನರನ್ನು ನಡೆಸುವಾಗ ನಡುವಿನ ಕೊಂಡಿ ಸಡಿಲವಾದರೆ ಆಗುವ ಅನಾಹುತಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ.

ನಾಲ್ಕು ಊರು, ಒಂದು ಕೆಲಸ

ಲೂಟಿಯ ಮರುದಿನದ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಶೃಂಗೇರಿಯಲ್ಲಿ ಅಳಿದುಳಿದ ಜನ, ಪೂಜೆ ನಿಂತುಹೋದ ಗುಡಿ. ಕಾರ್ಕಳದಲ್ಲಿ ಗುರುಗಳು. ಇಂದಿನ ರಸ್ತೆಯಲ್ಲಿ ಎರಡಕ್ಕೂ ನಡುವೆ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಆಗ ಅದು ದಟ್ಟ ಕಾಡಿನ ನಡುವೆ ಘಟ್ಟ ಇಳಿಯುವ ಕಾಲುದಾರಿ. ಶೃಂಗೇರಿಯಿಂದ ನಗರ ಸುಮಾರು 80 ಕಿಲೋಮೀಟರು. ಶ್ರೀರಂಗಪಟ್ಟಣ 250 ಕಿಲೋಮೀಟರಿಗೂ ಹೆಚ್ಚು. ಸಾಲದ್ದಕ್ಕೆ ಮುಂಗಾರು. ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಹಳ್ಳಗಳು ತುಂಬಿದರೆ ಸಂಕ ಕೊಚ್ಚಿಹೋಗುತ್ತದೆ. ಕಂಬಳಿ ಕೊಪ್ಪೆ ಹೊದ್ದ ಓಲೆಕಾರ ದಡದಲ್ಲೇ ನಿಂತು ನೀರು ಇಳಿಯುವುದನ್ನು ಕಾಯಬೇಕು.

ಓಲೆ ಸಾಗಿಸುವ ವ್ಯವಸ್ಥೆಯೇನೋ ಮೈಸೂರಿನಲ್ಲಿ ಹಳೆಯದು. ಹದಿನೇಳನೆಯ ಶತಮಾನದಲ್ಲಿಯೇ ಚಿಕ್ಕದೇವರಾಜ ಒಡೆಯರು ಅಂಚೆಯನ್ನು ಸ್ಥಾಪಿಸಿದ್ದರು. ಓಟಗಾರ ತನ್ನ ಪಾಲಿನ ದಾರಿಯನ್ನು ಓಡಿ ಚೀಲವನ್ನು ಮುಂದಿನ ಕಟ್ಟೆಯವನಿಗೆ ಒಪ್ಪಿಸುತ್ತಿದ್ದ. ಊರೂರಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಕೆಲಸವೂ ಅಂಚೆಯವರದಾಗಿತ್ತು. ಹೈದರ್ ಮತ್ತು ಟಿಪ್ಪು ಈ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿದರು. ಆದರೆ ಯುದ್ಧದ ಕಾಲದಲ್ಲಿ ದಾರಿಗಳ ಮೇಲೆ ಯಾರ ಕುದುರೆ ಓಡಾಡುತ್ತಿದೆ ಎಂಬ ಖಾತರಿ ಯಾರಿಗೂ ಇರಲಿಲ್ಲ.

ಇಂಥ ಸ್ಥಿತಿಯಲ್ಲಿ ಸ್ವಾಮಿಗಳು ಮೊದಲು ಮಾಡಿದ ಕೆಲಸ ಬರೆದದ್ದು. ಕಾರ್ಕಳದಲ್ಲಿ ಕುಳಿತು, ನಡೆದ ಸಂಗತಿಯನ್ನೂ ಶಾರದೆಯನ್ನು ಮತ್ತೆ ಪ್ರತಿಷ್ಠಾಪಿಸಲು ಬೇಕಾದ ಸಹಾಯವನ್ನೂ ಟಿಪ್ಪುವಿಗೆ ತಿಳಿಸಿದರು.

ಮಠದ ಅಭ್ಯಾಸ

ಬರೆದು ಆಳುವುದು ಶೃಂಗೇರಿ ಮಠಕ್ಕೆ ಹೊಸ ವಿದ್ಯೆಯಾಗಿರಲಿಲ್ಲ. ಗುರುಗಳು ವರ್ಷಗಟ್ಟಲೆ ಸಂಚಾರದಲ್ಲಿರುವುದು ವಾಡಿಕೆ. ಅವರ ಶಿಷ್ಯರು ಕನ್ನಡ, ತೆಲುಗು, ತಮಿಳು, ಮರಾಠಿ ಸೀಮೆಗಳಲ್ಲೆಲ್ಲ ಹರಡಿದ್ದರು. ಗುರುಗಳು ಬರೆಸಿದ ಪತ್ರಕ್ಕೆ ಶ್ರೀಮುಖವೆಂದು ಹೆಸರು. ಅಧಿಕಾರದ ಆಜ್ಞೆಗೆ ನಿರೂಪವೆಂದು ಹೆಸರು. ಶಿಷ್ಯರು ಗುರುಗಳಿಗೆ ಬರೆದುಕೊಳ್ಳುವುದು ಬಿನ್ನವತ್ತಳೆ. ಈ ಮೂರು ಹೆಸರುಗಳಲ್ಲೇ ಯಾರು ಯಾರಿಗೆ ಏನು ಬರೆಯಬಹುದು ಎಂಬ ಕ್ರಮ ಅಡಗಿದೆ. ಗುರುಗಳು ಊರಲ್ಲಿಲ್ಲದಾಗ ಮಠದ ಹಳ್ಳಿಗಳ ಉಸ್ತುವಾರಿ, ಕಾಣಿಕೆಯ ಲೆಕ್ಕ, ಅನ್ನಸಂತರ್ಪಣೆ ಎಲ್ಲವನ್ನೂ ಪಾರುಪತ್ಯಗಾರರು ನೋಡಿಕೊಳ್ಳುತ್ತಿದ್ದರು.

ಲೆಕ್ಕಪತ್ರಗಳೆಲ್ಲ ಕಡತದಲ್ಲಿ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಬಳಪದಲ್ಲಿ ಬರೆದು ಮಡಿಸಿಡುವ ಪುಸ್ತಕವೇ ಕಡತ. ನಮ್ಮ ಸರಕಾರಿ ಕಚೇರಿಗಳ ಕಡತಕ್ಕೆ ಆ ಹೆಸರು ಬಂದದ್ದು ಇದರಿಂದಲೇ. ಮಲೆನಾಡಿನ ತೇವದಲ್ಲೂ ಬಾಳುವ ಈ ಕಡತಗಳು ಶೃಂಗೇರಿಯಲ್ಲಿ ರಾಶಿ ರಾಶಿಯಾಗಿ ಉಳಿದುಬಂದಿವೆ.

ಆದ್ದರಿಂದ 1791ರಲ್ಲಿ ಗುರುಗಳು ಪೀಠದಿಂದ ದೂರವಾದರೂ ಮಠ ತಲೆಯಿಲ್ಲದ ಮುಂಡದಂತಾಗಲಿಲ್ಲ. ಶಾಂತಿಯ ಕಾಲದಲ್ಲಿ ರೂಢಿಯಾಗಿದ್ದ ಪದ್ಧತಿ ಆಪತ್ತಿನ ಕಾಲದಲ್ಲಿ ಕೈಹಿಡಿಯಿತು. ಆಪತ್ತು ಬಂದ ಮೇಲೆ ಹೊಸ ಪದ್ಧತಿ ಕಟ್ಟಲು ಹೊರಟಿದ್ದರೆ ಅದಕ್ಕೆ ಸಮಯವೂ ಇರುತ್ತಿರಲಿಲ್ಲ, ಜನರೂ ಇರುತ್ತಿರಲಿಲ್ಲ.

ಇನ್ನೂರು ರಹತಿ

ಟಿಪ್ಪುವಿನ ಉತ್ತರವನ್ನು ಇತಿಹಾಸದ ಪುಸ್ತಕಗಳು ಬಹಳ ಸಲ ಉದಾಹರಿಸಿವೆ. ಇಂಥ ಪುಣ್ಯಸ್ಥಳಕ್ಕೆ ದ್ರೋಹ ಬಗೆದವರು ಈ ಕಲಿಯುಗದಲ್ಲಿ ತಮ್ಮ ಕರ್ಮದ ಫಲವನ್ನು ಬೇಗನೆ ಉಣ್ಣುತ್ತಾರೆ ಎಂಬ ಸಮಾಧಾನ, ನಗುನಗುತ್ತ ಮಾಡಿದ್ದನ್ನು ಅಳುತ್ತ ಅನುಭವಿಸಬೇಕಾಗುತ್ತದೆ ಎಂಬ ಅರ್ಥದ ಒಂದು ಸಂಸ್ಕೃತ ಮಾತು, ಗುರುದ್ರೋಹದಿಂದ ಆಗುವ ಕೇಡಿನ ನೆನಪು, ಇಷ್ಟು ಅದರಲ್ಲಿವೆ. ಬಹುಮಂದಿ ಓದುಗರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಪತ್ರದ ಕೆಲಸ ಆಗುವುದು ಇದರ ಮುಂದಿನ ಭಾಗದಲ್ಲಿ.

ನಗರದ ಆಸಫನಿಗೆ ಅಪ್ಪಣೆ ಹೋಗಿದೆ ಎಂದು ಸ್ವಾಮಿಗಳಿಗೆ ತಿಳಿಸಲಾಗಿದೆ. ಶಾರದೆಯ ಪ್ರತಿಷ್ಠೆಗೆ 200 ರಹತಿ ನಗದು, ಜೊತೆಗೆ ಬೇಕಾದ ಪದಾರ್ಥಗಳನ್ನು ಆಸಫ ಒದಗಿಸಬೇಕು. ಇನ್ನೂ ಏನಾದರೂ ಬೇಕೆನಿಸಿದರೆ ಇನಾಮು ಗ್ರಾಮಗಳಿಂದ ತರಿಸಿಕೊಳ್ಳಬಹುದು. ಪ್ರತಿಷ್ಠೆ ನಡೆದು ಬ್ರಾಹ್ಮಣ ಭೋಜನವಾದ ಮೇಲೆ ರಾಜ್ಯದ ಏಳಿಗೆಗಾಗಿಯೂ ಶತ್ರುನಾಶಕ್ಕಾಗಿಯೂ ಪ್ರಾರ್ಥಿಸಬೇಕು.

ರಹತಿ ಎಂಬುದು ಟಿಪ್ಪು ತನ್ನ ಚಿನ್ನದ ಹಣಕ್ಕೆ ಇಟ್ಟ ಹೆಸರು. ಹತ್ತು ಹಣಕ್ಕೆ ಒಂದು ವರಹ ಎಂಬ ಆ ಕಾಲದ ಸಾಮಾನ್ಯ ಲೆಕ್ಕ ಹಿಡಿದರೆ 200 ರಹತಿ ಎಂದರೆ ಇಪ್ಪತ್ತು ವರಹ. ಒಬ್ಬ ಸುಲ್ತಾನನ ಕೊಡುಗೆಯೆಂದು ನೋಡಿದರೆ ದೊಡ್ಡ ಮೊತ್ತವೇನಲ್ಲ. ಕೊಳ್ಳೆಹೋದ ಸಂಪತ್ತಿನ ಮುಂದಂತೂ ಏನೂ ಅಲ್ಲ. ಹಾಗಾದರೆ ಈ ಪತ್ರದ ಹೆಚ್ಚುಗಾರಿಕೆ ಯಾವುದು?

ಅಪ್ಪಣೆಯ ಕ್ರಮದಲ್ಲಿ ಅದನ್ನು ಕಾಣಬಹುದು. ಹಣವನ್ನು ಶ್ರೀರಂಗಪಟ್ಟಣದಿಂದ ಕಳುಹಿಸುವ ಗೋಜಿಗೆ ಟಿಪ್ಪು ಹೋಗಲಿಲ್ಲ. ಹಾಗೆ ಕಳುಹಿಸಿದ್ದರೆ ದಾರಿಯಲ್ಲಿ ಅದು ಯಾರ ಪಾಲಾಗುತ್ತಿತ್ತೋ. ಕೆಲಸ ಆಗಬೇಕಾದ ಊರಿಗೆ ಹತ್ತಿರದ ಬೊಕ್ಕಸ ಯಾವುದೋ ಅದರ ಕೀಲಿಕೈ ಇದ್ದವನಿಗೆ ಆಜ್ಞೆ ಹೋಯಿತು. ಎಷ್ಟು ಕೊಡಬೇಕೆಂಬುದು ಅಂಕಿಯಲ್ಲೇ ನಿಗದಿಯಾದ್ದರಿಂದ ಅಧಿಕಾರಿ ಮತ್ತೆ ಕೇಳಿ ಬರೆಯುವ ಅಗತ್ಯ ಬರಲಿಲ್ಲ. ಆಸಫನಿಗೆ ಏನು ಹೇಳಲಾಗಿದೆ ಎಂಬುದು ಸ್ವಾಮಿಗಳಿಗೂ ಗೊತ್ತಾದ್ದರಿಂದ ನಡುವಿನವನು ತಪ್ಪಿಸಿಕೊಳ್ಳುವಂತಿರಲಿಲ್ಲ. ಇನ್ನು ಏನೇನು ಬೇಕು ಎಂಬ ತೀರ್ಮಾನ ಸ್ಥಳದ ಕಷ್ಟ ಬಲ್ಲ ಸ್ವಾಮಿಗಳಿಗೇ ಬಿಟ್ಟದ್ದು.

ಒಂದೇ ಕಾಗದದಲ್ಲಿ ಇಷ್ಟೂ ಸೇರಿದ್ದರಿಂದ ಒಂದು ಸಲ ಬರೆದದ್ದೇ ಸಾಕಾಯಿತು. ಪ್ರತಿಯೊಂದಕ್ಕೂ ಹುಜೂರಿನ ಅನುಮತಿ ಬೇಕೆಂದಿದ್ದರೆ ಓಲೆಕಾರರು ಮಳೆಗಾಲವಿಡೀ ಘಟ್ಟ ಹತ್ತಿ ಇಳಿಯುತ್ತಲೇ ಇರಬೇಕಾಗುತ್ತಿತ್ತು. ಗುಡಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಶಾರದೆಯ ಪ್ರತಿಷ್ಠೆ ನಡೆಯಿತು. ಸ್ವಾಮಿಗಳು ಪ್ರಸಾದವನ್ನೂ ಶಾಲನ್ನೂ ಕಳುಹಿಸಿದರು. ಅವು ತಲುಪಿದವೆಂದು ಟಿಪ್ಪು ಬರೆದ. ದೇವಿಗೆ ವಸ್ತ್ರವನ್ನೂ ಸ್ವಾಮಿಗಳಿಗೆ ಶಾಲುಜೋಡಿಯನ್ನೂ ಕಳುಹಿಸಿದ. ಪ್ರಸಾದದ ಪೊಟ್ಟಣ ಆ ಕಾಲದ ರಸೀದಿಯೂ ಹೌದು. ಕೊಟ್ಟ ಕೆಲಸ ಮುಗಿಯಿತು ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಗುರುತು ಇನ್ನೊಂದಿರಲಿಲ್ಲ.

ಏಳು ಲಕ್ಷ ಮಂತ್ರ

ಇಷ್ಟಕ್ಕೆ ಪತ್ರವ್ಯವಹಾರ ಮುಗಿಯಲಿಲ್ಲ. ಶತ್ರುಗಳ ನಿವಾರಣೆಗಾಗಿ ಶತಚಂಡಿ, ಸಹಸ್ರಚಂಡಿ ಜಪಗಳನ್ನು ನಡೆಸಬೇಕೆಂದು ಟಿಪ್ಪು ಕೇಳಿಕೊಂಡ, ಖರ್ಚು ಸರ್ಕಾರದ್ದು. ದೇವರ ಕೃಪೆ, ಗುರುಗಳ ಆಶೀರ್ವಾದ, ತನ್ನ ಆಯುಧಬಲ ಈ ಮೂರನ್ನು ನಂಬಿರುವುದಾಗಿ ಅವನು ಬರೆದಿದ್ದಾನೆ.

ಸಹಸ್ರಚಂಡಿ ಎಂದರೆ ಸಣ್ಣ ಕೆಲಸವಲ್ಲ. 700 ಮಂತ್ರಗಳ ಸಪ್ತಶತಿಯನ್ನು ಸಾವಿರ ಸಲ ಪಾರಾಯಣ ಮಾಡಬೇಕು. ಒಟ್ಟು 7 ಲಕ್ಷ ಮಂತ್ರಗಳು. ಅದಕ್ಕೆ ತಕ್ಕಷ್ಟು ಪಾಠಕರು ಬೇಕು. ಅವರು ತಂಗಲು ಜಾಗ, ಎರಡು ಹೊತ್ತಿನ ಊಟ, ಹೋಮಕ್ಕೆ ತುಪ್ಪ, ಸಮಿತ್ತು, ಕೊನೆಗೆ ದಕ್ಷಿಣೆ. ಆಗಷ್ಟೇ ಕೊಳ್ಳೆಹೋದ ಊರಿನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗ ಇವನ್ನೆಲ್ಲ ಕೂಡಿಸಬೇಕು.

ಧಾರ್ಮಿಕ ಉದ್ದೇಶ ಹಾಗಿರಲಿ. ಊರಿನ ದೃಷ್ಟಿಯಿಂದ ನೋಡಿದರೆ ಇದರ ಪರಿಣಾಮ ಇನ್ನೊಂದು ಬಗೆಯದು. ಓಡಿಹೋದ ವೈದಿಕರು ಮರಳಿ ಬರಲು ಒಂದು ಕಾರಣ ಸಿಕ್ಕಿತು. ಅಕ್ಕಿ ತರುವವನಿಗೆ, ಎಲೆ ಕುಯ್ಯುವವನಿಗೆ, ಅಡುಗೆಯವನಿಗೆ, ಕಟ್ಟಿಗೆ ಹೊರುವವನಿಗೆ ಕೆಲಸ ಸಿಕ್ಕಿತು. ನಗರದ ಅಧಿಕಾರಿಗಳ ಕಣ್ಣು ಶೃಂಗೇರಿಯ ಮೇಲೆ ಬಿತ್ತು. ಭಯದಲ್ಲಿ ಚದುರಿದ ಜನಕ್ಕೆ ಧೈರ್ಯದ ಮಾತು ಎಷ್ಟು ಹೇಳಿದರೂ ಸಾಲದು. ಎಲ್ಲರೂ ಕೈಹಾಕಬೇಕಾದ ಒಂದು ಕೆಲಸವನ್ನು ಮುಂದಿಟ್ಟರೆ ಅವರು ತಾವಾಗಿಯೇ ಕೂಡುತ್ತಾರೆ. ಹಳ್ಳಿಗಳಲ್ಲಿ ಬೆಂಕಿ ಬಿದ್ದ ಮೇಲೆ, ನೆರೆ ಬಂದ ಮೇಲೆ ಹಿರಿಯರು ದೇವರ ಉತ್ಸವ ನಿಲ್ಲಬಾರದೆಂದು ಹಟ ಹಿಡಿಯುವುದರ ಹಿಂದೆಯೂ ಇದೇ ಅನುಭವ ಇದ್ದೀತು.

ಆ ವರ್ಷದ ಕೊನೆಗೆ ಯುದ್ಧ ಮತ್ತೆ ಮಲೆನಾಡಿನ ಅಂಚಿಗೇ ಬಂದಿತು. 1791ರ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಸೈನ್ಯ ತುಂಗೆಯ ದಡದ ಗಾಜನೂರಿನ ಬಳಿ ಕಾದಾಡಿ, 1792ರ ಜನವರಿ ಮೊದಲಲ್ಲಿ ಶಿವಮೊಗ್ಗದ ಕೋಟೆಯನ್ನು ಹಿಡಿಯಿತು. ಶೃಂಗೇರಿಯ ಜನ ತಮ್ಮ ಊರನ್ನು ಮತ್ತೆ ಕಟ್ಟಿಕೊಂಡದ್ದು ಇಂಥ ಹೊಗೆಯ ನಡುವೆ.

ಭಕ್ತಿಯೋ ರಾಜಕೀಯವೋ

ಈ ಪತ್ರಗಳನ್ನು ಕುರಿತು ವಿದ್ವಾಂಸರಲ್ಲಿ ವಾದ ನಡೆಯುತ್ತಲೇ ಬಂದಿದೆ. ಟಿಪ್ಪುವಿಗೆ ಗುರುಪೀಠದ ಮೇಲೆ ನಿಜವಾದ ಗೌರವವಿತ್ತು ಎನ್ನುವವರಿದ್ದಾರೆ. ಮೂರು ಕಡೆ ಶತ್ರುಗಳಿರುವಾಗ ಪ್ರಜೆಗಳ ಮನ ಒಲಿಸಲು, ಮರಾಠರಿಗೆ ಅವರ ಗುರುಗಳ ಮುಂದೆಯೇ ಮುಖಭಂಗ ಮಾಡಲು ಇದೊಂದು ಉಪಾಯ ಎನ್ನುವವರಿದ್ದಾರೆ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ನಡವಳಿಕೆಯನ್ನು ನೆನೆದು, ಶೃಂಗೇರಿಯೊಂದನ್ನೇ ಹಿಡಿದು ಅವನನ್ನು ಅಳೆಯಬಾರದು ಎನ್ನುವವರಿದ್ದಾರೆ. ಪ್ರತಿಯೊಂದು ವಾದದಲ್ಲಿಯೂ ತಕ್ಕಮಟ್ಟಿನ ಹುರುಳಿದೆ. ಒಬ್ಬ ದೊರೆಯ ಮನಸ್ಸನ್ನು ಇಪ್ಪತ್ತು ಕಾಗದಗಳಿಂದ ತೂಗುವುದು ಕಷ್ಟ.

ಕಾಗದಗಳು ತಾವೇ ಹೇಳುವುದು ಬೇರೆ ಒಂದು ಸಂಗತಿಯನ್ನು. ಉದ್ದೇಶ ಏನೇ ಇರಲಿ, ಮುಖಾಮುಖಿಯಾಗಿ ಕೂಡಲು ಸಾಧ್ಯವಿಲ್ಲದ, ಮತವೂ ಕಸುಬೂ ಬೇರೆಬೇರೆಯಾದ ಜನ ಒಂದು ಕೆಲಸವನ್ನು ಕೊನೆಮುಟ್ಟಿಸಿದರು. ಸ್ವಾಮಿಗಳು ಸುಲ್ತಾನನ ಯುದ್ಧ ನಡೆಸಲು ಹೋಗಲಿಲ್ಲ. ಸುಲ್ತಾನ ಪ್ರತಿಷ್ಠೆಯ ವಿಧಿಯಲ್ಲಿ ತಲೆಹಾಕಲಿಲ್ಲ. ಆಸಫನಿಗೆ ಎರಡರ ಗೊಡವೆಯೂ ಇಲ್ಲ. ಕೊಡಬೇಕಾದ್ದನ್ನು ಕೊಡುವುದಷ್ಟೇ ಅವನ ಪಾಲು. ಪ್ರತಿಯೊಬ್ಬನ ಎಲ್ಲೆಯೂ ಸ್ಪಷ್ಟವಾಗಿತ್ತು.

ಇದರ ಮಿತಿಯನ್ನೂ ಮರೆಯುವಂತಿಲ್ಲ. ಓಲೆಗಳು ಕೆಡುಕಾದ ಮೇಲೆ ನೆರವಾದವೇ ಹೊರತು ಕೆಡುಕನ್ನು ತಡೆಯಲಿಲ್ಲ. ಸವಾರರು ಬಂದ ದಿನ ಶೃಂಗೇರಿಯನ್ನು ಕಾಯಲು ಸೈನ್ಯವಿರಲಿಲ್ಲ; ಅದು ಬೇರೆ ಕಡೆಗಳಲ್ಲಿ ಸಿಕ್ಕಿಕೊಂಡಿತ್ತು. ಸತ್ತವರು ಮರಳಿ ಬರಲಿಲ್ಲ. ಅವರ ಹೆಸರುಗಳು ಈ ಪತ್ರಗಳಲ್ಲಿಲ್ಲ. ಮಳೆಯಲ್ಲಿ ನೆನೆಯುತ್ತ ಇದೇ ಪತ್ರಗಳನ್ನು ಹೊತ್ತು ತಂದವರ ಹೆಸರುಗಳೂ ಇಲ್ಲ. ಜಪದ ಫಲವೂ ಟಿಪ್ಪು ಬಯಸಿದಂತೆ ದೊರೆಯಲಿಲ್ಲ. 1792ರ ಮಾರ್ಚಿನ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರ ವಶಕ್ಕೆ ಕೊಡಬೇಕಾಯಿತು.

ಸೋಲಿನ ನಂತರವೂ ಓಲೆ

ಸೋತ ಮೇಲೂ ಪತ್ರಗಳು ನಿಲ್ಲಲಿಲ್ಲ ಎಂಬುದು ವಿಶೇಷ. ಕಷ್ಟ ಕಳೆದೊಡನೆ ಕಾಗದ ನಿಲ್ಲುವುದು ಲೋಕರೂಢಿ. 1793ರಲ್ಲಿ ಸ್ವಾಮಿಗಳು ರಾಜ್ಯದ ಹೊರಗೆ ಸಂಚಾರದಲ್ಲಿದ್ದಾಗ ಟಿಪ್ಪು ಬರೆದ ಪತ್ರವೊಂದಿದೆ. ತಾವು ಜಗದ್ಗುರುಗಳು, ಲೋಕದ ಕ್ಷೇಮಕ್ಕಾಗಿ ತಪಸ್ಸು ಮಾಡುವವರು. ತಮ್ಮಂಥವರು ಇರುವ ದೇಶದಲ್ಲಿ ಮಳೆ ಬೆಳೆ ಚೆನ್ನಾಗಿ ಆಗುತ್ತವೆ. ಪರಸ್ಥಳದಲ್ಲಿ ಬಹಳ ದಿನ ಇರುವುದೇಕೆ, ಹೋದ ಕೆಲಸ ಬೇಗ ಮುಗಿಸಿ ಸ್ವಸ್ಥಳಕ್ಕೆ ಬರಬೇಕು ಎಂಬುದು ಅದರ ತಾತ್ಪರ್ಯ. ಇದರಲ್ಲಿ ಅಪ್ಪಣೆಯ ಅಂಕಿಗಳಿಲ್ಲ, ಬೊಕ್ಕಸದ ಮಾತಿಲ್ಲ. ದೂರ ಇರುವವರನ್ನು ಊರಿಗೆ ಕರೆಯುವ ಧಾಟಿಯಷ್ಟೇ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಸಚ್ಚಿದಾನಂದ ಭಾರತಿ ಸ್ವಾಮಿಗಳು ಆಮೇಲೂ ಹದಿನೈದು ವರ್ಷ, 1814ರವರೆಗೆ ಪೀಠದಲ್ಲಿದ್ದರು. ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಎಡೇಹಳ್ಳಿಯೆಂದು ಕರೆಯುತ್ತಿದ್ದ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಲ್ಲಿ ನರಸಿಂಹರಾಜಪುರವಾಯಿತು. ಕೊಪ್ಪದ ಮೂಲಕ ಶೃಂಗೇರಿಗೆ ಬಸ್ಸು ಬಂತು, ತಂತಿ ಬಂತು, ಫೋನು ಬಂತು, ಕೊನೆಗೆ ಗುಡ್ಡದ ನೆತ್ತಿಯ ಮೇಲೆ ಮೊಬೈಲಿನ ಗೋಪುರವೂ ಬಂತು.

ಸುದ್ದಿ ಹೋಗುವ ವೇಗ ಬದಲಾದಷ್ಟು ಅದರ ಹಿಂದಿನ ಕಷ್ಟ ಬದಲಾಗಿಲ್ಲ. ಹೇಳಿದ್ದು ತಲುಪಿತೇ, ಹತ್ತಿರ ಇರುವವನಿಗೆ ಕೈಬಿಚ್ಚಿ ಕೆಲಸ ಮಾಡುವ ಅಧಿಕಾರ ಇದೆಯೇ, ಲೆಕ್ಕ ಸ್ಪಷ್ಟವಾಗಿದೆಯೇ, ಮುಗಿದ ಮೇಲೆ ಮುಗಿಯಿತೆಂದು ತಿಳಿಸುವವರಿದ್ದಾರೆಯೇ ಎಂಬ ಪ್ರಶ್ನೆಗಳು ಕಾರ್ಕಳದಲ್ಲಿ ಕುಳಿತಿದ್ದ ಗುರುಗಳಿಗೂ ಇದ್ದವು. 2020ರ ಮಳೆಗಾಲದಲ್ಲಿ ಗುಡ್ಡದ ಮೇಲೆ ಕೊಡೆ ಹಿಡಿದು ಕುಳಿತವರಿಗೂ ಇದ್ದವು. ಶಾರದೆಯ ದರ್ಶನಕ್ಕೆ ಹೋದವರು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ವಿದ್ಯಾಶಂಕರ ಗುಡಿಯ ಕಂಬಗಳನ್ನು ನೋಡಿ ಹಿಂದಿರುಗುತ್ತಾರೆ. ಆ ಗರ್ಭಗುಡಿಯ ದೀಪ ಒಮ್ಮೆ ಆರಿ ಮತ್ತೆ ಹೊತ್ತಿದ ಕಥೆಯಲ್ಲಿ ನಗರದ ಬೊಕ್ಕಸದ ಇನ್ನೂರು ರಹತಿಯದೂ, ಹೆಸರಿಲ್ಲದ ಓಲೆಕಾರರದೂ ಪಾಲಿದೆ ಎಂಬುದು ಅವರ ನೆನಪಿನಲ್ಲಿದ್ದರೆ ಒಳ್ಳೆಯದು.